ರೋಲರೋ ಬಂಕೋ? ಮೊದಲು ರ‍್ಯಾಂಪ್ ನೋಡಿಕೊಂಡು ಬನ್ನಿ

ದೋಣಿ, ಗಾಳ, ಎಂಜಿನ್ ಕುರಿತ ಓದುಗರ ಪ್ರಶ್ನೆಗಳಿಗೆ ಇಲ್ಲಿ ಉತ್ತರ. ಅಂಕಣಕಾರರು ಗಂಗೊಳ್ಳಿಯವರು. ಡೆಟ್ರಾಯ್ಟ್ ಬಳಿ ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ, ಈಗ ಸೇಂಟ್ ಕ್ಲೇರ್ ಸರೋವರದ ದಂಡೆಯ ಊರೊಂದರಲ್ಲಿ ನೆಲೆಸಿದ್ದಾರೆ.

ಪ್ರಶ್ನೆ: ನಮಸ್ಕಾರ ಸರ್. ನಾನು ಶಿವಮೊಗ್ಗದವನು, ಒಹಾಯೊದ ಟೊಲೀಡೊದಲ್ಲಿ ಕೆಲಸ. 18 ಅಡಿ ಉದ್ದದ ಅಲ್ಯುಮಿನಿಯಂ ದೋಣಿಯೊಂದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಲು ಮಾತಾಗಿದೆ. ಬರಿಯ ದೋಣಿ ಸುಮಾರು 700 ಕೆಜಿ, ಎಂಜಿನ್ 115 ಅಶ್ವಶಕ್ತಿಯದು. ಮಾರುವವರ ಬಳಿ ಇದಕ್ಕೆ ಹೊಂದುವ ಎರಡು ಹಳೆಯ ಟ್ರೇಲರ್‌ಗಳಿವೆ, ಒಂದು ಗಾಲಿಗಳಿರುವ ರೋಲರ್, ಇನ್ನೊಂದು ಹಲಗೆಗಳಿರುವ ಬಂಕ್. ಯಾವುದನ್ನು ತೆಗೆದುಕೊಂಡರೂ ಒಂದೇ ಬೆಲೆ ಎನ್ನುತ್ತಾರೆ. ಈರಿ ಸರೋವರದಲ್ಲಿ ವಾಲೈ ಮೀನು ಹಿಡಿಯುವ ಆಸೆ. ಹೆಚ್ಚಿನ ದಿನ ನಾನೊಬ್ಬನೇ ಹೋಗುವುದು. ಆಫೀಸಿನ ಗೆಳೆಯರೆಲ್ಲ ರೋಲರ್ ತೆಗೆದುಕೋ, ಸುಲಭ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ನಿಮ್ಮ ಪತ್ರದಲ್ಲಿ ದೋಣಿಯ ಉದ್ದವಿದೆ, ತೂಕವಿದೆ, ಎಂಜಿನ್ನಿನ ಬಲವಿದೆ, ಗೆಳೆಯರ ಅಭಿಪ್ರಾಯವೂ ಇದೆ. ಯಾವ ರ‍್ಯಾಂಪಿನಿಂದ ನೀರಿಗಿಳಿಸುತ್ತೀರಿ ಎಂಬುದು ಮಾತ್ರ ಇಲ್ಲ. ನನಗೆ ಮೊದಲು ಬೇಕಾದದ್ದೇ ಅದು. ಟ್ರೇಲರ್ ಕೊಳ್ಳುವವರು ದೋಣಿಯನ್ನು ಹತ್ತು ಸಲ ಸುತ್ತಿ ನೋಡುತ್ತಾರೆ, ರ‍್ಯಾಂಪನ್ನು ಒಮ್ಮೆಯೂ ನೋಡುವುದಿಲ್ಲ.

ಊರಿನಲ್ಲಿ ಕುಳಿತು ಈ ಅಂಕಣ ಓದುವವರಿಗಾಗಿ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಇಲ್ಲಿ ಸಣ್ಣ ದೋಣಿಗಳು ನೀರಿನಲ್ಲಿ ಉಳಿಯುವುದಿಲ್ಲ. ಕಾರಿನ ಹಿಂದೆ ಕಟ್ಟಿದ ಬಂಡಿಯ, ಅಂದರೆ ಟ್ರೇಲರಿನ, ಮೇಲೆ ಮನೆಗೆ ಬರುತ್ತವೆ. ಕೆರೆ, ಸರೋವರಗಳ ದಂಡೆಯಲ್ಲಿ ನೀರಿನೊಳಕ್ಕೆ ಇಳಿದುಹೋಗುವ ಕಾಂಕ್ರೀಟ್ ಇಳಿಜಾರು ಇರುತ್ತದೆ, ಅದೇ ರ‍್ಯಾಂಪ್. ಬಂಡಿಯನ್ನು ಹಿಮ್ಮುಖವಾಗಿ ಅದರ ಮೇಲೆ ಇಳಿಸಿ ದೋಣಿಯನ್ನು ನೀರಿಗೆ ಬಿಡುತ್ತಾರೆ. ಬಂಡಿಯ ಮೇಲೆ ದೋಣಿ ಕೂರುವ ಬಗೆ ಎರಡು. ಬಂಕ್ ಎಂದರೆ ಉದ್ದಕ್ಕೂ ಹಾಯ್ದ ಎರಡೋ ನಾಲ್ಕೋ ಮರದ ಹಲಗೆಗಳು, ಮೇಲೆ ಕಾರ್ಪೆಟ್ ಹೊದಿಕೆ. ರೋಲರ್ ಎಂದರೆ ಹದಿನಾರೋ ಇಪ್ಪತ್ತೋ ಸಣ್ಣ ಗಾಲಿಗಳು. ದೋಣಿ ಅವುಗಳ ಮೇಲೆ ಉರುಳಿಕೊಂಡು ಇಳಿಯುತ್ತದೆ, ಏರುತ್ತದೆ.

ಬಂಕಿನ ಮೇಲಿರುವ ದೋಣಿ ತಾನಾಗಿ ಜಾರುವುದಿಲ್ಲ, ತೇಲಬೇಕು. ಹಾಗಾಗಿ ಟ್ರೇಲರನ್ನು ಆಳಕ್ಕೆ ಇಳಿಸಬೇಕು. ಚಕ್ರದ ಮೇಲಿನ ಮಡ್‌ಗಾರ್ಡ್ ಮುಳುಗುವ ಹೊತ್ತಿಗೆ ಕೆಲಸವಾಗುತ್ತದೆ ಎಂಬುದು ಒಂದು ಅಂದಾಜು. ರೋಲರಿಗೆ ಅಷ್ಟು ನೀರು ಬೇಡ. ಒಳ್ಳೆಯ ರ‍್ಯಾಂಪಿನ ಇಳಿಜಾರು ಶೇಕಡಾ 12ರಿಂದ 15ರಷ್ಟು ಇರುತ್ತದೆ. ಶೇಕಡಾ 12 ಎಂದರೆ ಒಂದು ಅಡಿ ಹೆಚ್ಚು ಆಳ ಬೇಕಾದಾಗ ಎಂಟು ಅಡಿಗಿಂತ ಕೊಂಚ ಹೆಚ್ಚು ಹಿಂದೆ ಹೋಗಬೇಕು. ರ‍್ಯಾಂಪ್ ಚಪ್ಪಟೆಯಾಗಿದ್ದು ಶೇಕಡಾ 8 ಮಾತ್ರ ಇದ್ದರೆ ಅದೇ ಒಂದು ಅಡಿಗೆ ಹನ್ನೆರಡೂವರೆ ಅಡಿ. ಅಷ್ಟು ಹೋಗುವಾಗ ನಿಮ್ಮ ಕಾರಿನ ಹಿಂದಿನ ಚಕ್ರವೂ ಸೈಲೆನ್ಸರ್ ಕೊಳವೆಯೂ ನೀರಿನಲ್ಲಿರುತ್ತವೆ. ನಿಮ್ಮ ರ‍್ಯಾಂಪ್ ಅಂಥದ್ದಾಗಿದ್ದರೆ ಮುಂದಿನದನ್ನು ಓದದೆ ರೋಲರನ್ನೇ ತೆಗೆದುಕೊಳ್ಳಿ.

ಅಂಥದ್ದೋ ಅಲ್ಲವೋ ತಿಳಿಯುವುದು ಸುಲಭ. ಭಾನುವಾರ ಸಂಜೆ ಜನ ಮರಳುವ ಹೊತ್ತಿಗೆ ಅಲ್ಲಿ ಹೋಗಿ ನಿಂತುಕೊಳ್ಳಿ. ನಿಮ್ಮ ದೋಣಿಯಷ್ಟೇ ದೊಡ್ಡದನ್ನು ಬಂಕ್ ಟ್ರೇಲರಿಗೆ ಏರಿಸುವವರ ಕಾರು ಎಲ್ಲಿಯವರೆಗೆ ಇಳಿಯುತ್ತದೆ ನೋಡಿ. ಒಂದು ಉದ್ದದ ಕೋಲು ಒಯ್ದು ಪಕ್ಕದ ಕಟ್ಟೆಯ ಮೇಲಿನಿಂದ ಕಾಂಕ್ರೀಟಿನ ಕೊನೆ ಎಲ್ಲಿದೆ ಎಂದು ತಡಕಿ. ಇದು ಮುಖ್ಯ. ಕೆಲವರು ಎಂಜಿನ್ ಜೋರು ಮಾಡಿ ದೋಣಿಯನ್ನು ಟ್ರೇಲರಿನ ಮೇಲೆ ನುಗ್ಗಿಸುತ್ತಾರೆ. ಆಗ ಪ್ರೊಪೆಲ್ಲರಿನ ರಭಸಕ್ಕೆ ಕಾಂಕ್ರೀಟಿನ ಅಂಚಿನಾಚೆಯ ಮಣ್ಣು ಎದ್ದುಹೋಗಿ ಗುಂಡಿ ಬೀಳುತ್ತದೆ. ನೀರು ಕಡಿಮೆಯಿದ್ದ ದಿನ ನೀವು ಆಳ ಹುಡುಕುತ್ತ ಹಿಂದೆ ಹೋದಿರೋ, ಟ್ರೇಲರಿನ ಚಕ್ರ ಆ ಗುಂಡಿಗೆ ಇಳಿದು ಕಾಂಕ್ರೀಟಿನ ಅಂಚಿಗೆ ಆಕ್ಸಲ್ ಸಿಕ್ಕಿಕೊಳ್ಳುತ್ತದೆ. ಹೀಗೆ ನುಗ್ಗಿಸುವುದನ್ನು ಎಷ್ಟೋ ಕಡೆ ನಿಷೇಧಿಸಿ ಫಲಕ ಹಾಕಿದ್ದಾರೆ. ಫಲಕದ ಕೆಳಗೇ ನಿಂತು ನುಗ್ಗಿಸುವವರೂ ಇದ್ದಾರೆ, ಆ ಮಾತು ಬೇರೆ.

ಟೊಲೀಡೊ ಎಂದಿರಲ್ಲ, ಅದಕ್ಕೆ ಇನ್ನೊಂದು ವಿಷಯ ಹೇಳಲೇಬೇಕು. ಈರಿ ಸರೋವರ ಸುಮಾರು 388 ಕಿಲೋಮೀಟರ್ ಉದ್ದ, ನೈಋತ್ಯದಿಂದ ಈಶಾನ್ಯಕ್ಕೆ ಚಾಚಿದೆ. ನಿಮ್ಮೂರು ಇರುವುದು ಅದರ ಪಶ್ಚಿಮ ತುದಿಯಲ್ಲಿ. ನೈಋತ್ಯದ ಗಾಳಿ ಬಲವಾಗಿ ಹಿಡಿದು ಬೀಸಿದರೆ ನೀರೆಲ್ಲ ಪೂರ್ವ ತುದಿಯ ಬಫಲೋ ಊರಿನ ಕಡೆಗೆ ತಳ್ಳಿಹೋಗುತ್ತದೆ. ಅಲ್ಲಿ ನೀರು ಏರುತ್ತದೆ, ನಿಮ್ಮಲ್ಲಿ ಕೆಲವೇ ಗಂಟೆಗಳಲ್ಲಿ ಹಲವು ಅಡಿ ಇಳಿಯುತ್ತದೆ. ಮಳೆಯಿಲ್ಲ, ಬರವಿಲ್ಲ, ಬೆಳಿಗ್ಗೆ ಇದ್ದ ನೀರು ಸಂಜೆಗೆ ಇರುವುದಿಲ್ಲ. ನಿಮ್ಮ ಗೆಳೆಯರು ರೋಲರ್ ಎನ್ನುವುದು ಈ ದಿನಗಳನ್ನು ನೆನೆದೇ ಇರಬೇಕು. ಆದರೆ ಅವರ ವಾದವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಅಂಥ ಗಾಳಿ ಬೀಸುವ ದಿನ 18 ಅಡಿಯ ದೋಣಿಯಲ್ಲಿ ಒಬ್ಬರೇ ಈರಿಗೆ ಇಳಿಯುವುದೇ ತಪ್ಪು. ಆ ಸರೋವರದ ಪಶ್ಚಿಮ ಭಾಗ ಆಳವಿಲ್ಲದ್ದು, ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೆ ಒಂದು ಬರುತ್ತವೆ. ಮನೆಯಲ್ಲಿ ಇರಬೇಕಾದ ದಿನಕ್ಕೆಂದು ಟ್ರೇಲರ್ ಆರಿಸುವುದರಲ್ಲಿ ಅರ್ಥವಿಲ್ಲ. ಬೆಳಿಗ್ಗೆ ಸುಮ್ಮನಿದ್ದ ಗಾಳಿ ಮಧ್ಯಾಹ್ನ ಎದ್ದರೆ ಎಂದು ಕೇಳಬಹುದು. ಆಗ ದೋಣಿಯನ್ನು ಕಟ್ಟೆಗೆ ಬಿಗಿದು, ಗಾಳಿ ಇಳಿದು ನೀರು ಮರಳುವವರೆಗೆ ಕಾಫಿ ಕುಡಿಯುತ್ತ ಕೂರಿ. ನೀರು ಮರಳುತ್ತದೆ.

ವರ್ಷಗಳ ಲೆಕ್ಕದ ಏರಿಳಿತ ಮಾತ್ರ ಬೇರೆ ವಿಷಯ. ಮಿಷಿಗನ್ ಮತ್ತು ಹ್ಯೂರಾನ್ ಸರೋವರಗಳು 2013ರ ಜನವರಿಯಲ್ಲಿ ದಾಖಲೆಯ ಕನಿಷ್ಠ ಮಟ್ಟಕ್ಕೆ ಇಳಿದವು. 2020ರಲ್ಲಿ ತಿಂಗಳ ಮೇಲೆ ತಿಂಗಳು ಗರಿಷ್ಠದ ದಾಖಲೆ ಮುರಿದವು. ಇಳಿದಿದ್ದ ಆ ಕಾಲದಲ್ಲಿ ರೋಲರ್ ಇದ್ದವರು ನಗುತ್ತಿದ್ದರು, ಏರಿದಾಗ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಇನ್ನು ದೋಣಿಯ ತಳಕ್ಕೆ ಬರೋಣ. ಇಲ್ಲಿ ನಾನು ಲೆಕ್ಕ ಹಾಕುವವನು. 700 ಕೆಜಿ ದೋಣಿಗೆ ಎಂಜಿನ್ 165 ಕೆಜಿ ಸೇರಿಸಿ. 30 ಗ್ಯಾಲನ್ ಪೆಟ್ರೋಲ್ ಸುಮಾರು 83 ಕೆಜಿ. ಬ್ಯಾಟರಿಗಳು, ಲಂಗರು, ಗಾಳದ ಪೆಟ್ಟಿಗೆ, ಐಸ್ ಪೆಟ್ಟಿಗೆ ಎಲ್ಲ ಸೇರಿ 150 ಎನ್ನಿ. ಒಟ್ಟು 1,100 ಕೆಜಿ, ಅಂದರೆ 2,400 ಪೌಂಡ್ ದಾಟಿತು. ಈ ತೂಕ ಹದಿನಾರು ರೋಲರ್‌ಗಳ ಮೇಲೆ ಸಮನಾಗಿ ಕುಳಿತರೆ ಒಂದೊಂದಕ್ಕೆ 150 ಪೌಂಡ್. ಒಂದು ರೋಲರ್ ತಳಕ್ಕೆ ತಾಗುವುದು ಎರಡು ಚದರ ಅಂಗುಲ ಎಂದಿಟ್ಟುಕೊಂಡರೆ ಒಂದು ಚದರ ಅಂಗುಲದ ಮೇಲೆ 75 ಪೌಂಡ್ ಒತ್ತಡ. ಇನ್ನು ಹತ್ತು ಅಡಿಯ ಎರಡು ಬಂಕ್ ಹಲಗೆಗಳನ್ನು ತೆಗೆದುಕೊಳ್ಳಿ. ಅಂಗಡಿಯವರು ನಾಲ್ಕು ಅಂಗುಲ ಎಂದು ಮಾರುವ ಹಲಗೆಯ ನಿಜ ಅಗಲ ಮೂರೂವರೆ. ಎರಡೂ ಸೇರಿ 840 ಚದರ ಅಂಗುಲ, ಒತ್ತಡ ಮೂರು ಪೌಂಡಿಗೂ ಕಡಿಮೆ. ಹಲಗೆಯ ಉದ್ದಕ್ಕೂ ಭಾರ ಸಮನಾಗಿ ಬೀಳುವುದಿಲ್ಲ, ಅಡ್ಡ ಕಂಬಿಗಳ ಮೇಲೆ ಹೆಚ್ಚು ಬೀಳುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದು ಒತ್ತಡವನ್ನು ಮೂರು ಪಟ್ಟು ಮಾಡಿದರೂ ರೋಲರಿನ ಹತ್ತಿರ ಬರುವುದಿಲ್ಲ. ಹೆದ್ದಾರಿಯ ಗುಂಡಿಯೊಂದಕ್ಕೆ ಚಕ್ರ ಬಿದ್ದಾಗ ಈ ಅಂಕಿಗಳೆಲ್ಲ ಕ್ಷಣಕಾಲ ಇಮ್ಮಡಿಯಾಗುತ್ತವೆ. ದಪ್ಪ ಫೈಬರ್ ಗಾಜಿನ ತಳ ಅದನ್ನು ಬಹುಮಟ್ಟಿಗೆ ತಾಳಿಕೊಂಡೀತು. ತೆಳು ಅಲ್ಯುಮಿನಿಯಂ ತಗಡು, ಅದರಲ್ಲೂ ರಿವೆಟ್ ಹೊಡೆದ ಸಾಲಿನ ಮೇಲೆ ರೋಲರ್ ಕುಳಿತಿದ್ದರೆ, ತಗ್ಗು ಬೀಳುತ್ತದೆ, ರಿವೆಟ್ ಸಡಿಲವಾಗುತ್ತದೆ.

ಗಂಗೊಳ್ಳಿಯಲ್ಲಿ ನಾಡದೋಣಿಯನ್ನು ದಡಕ್ಕೆ ಎಳೆಯುವಾಗ ಕೆಳಗೆ ಮರದ ತುಂಡುಗಳನ್ನು ಕೊಟ್ಟು ಉರುಳಿಸುತ್ತಾರೆ, ಕರಾವಳಿಯವರೆಲ್ಲ ನೋಡಿದ್ದೇ. ಮೇಲೆ ಬಂದ ಮೇಲೆ ತುಂಡುಗಳನ್ನು ತೆಗೆದು ದೋಣಿಯನ್ನು ಮರಳಿನ ಮೇಲೆ ಕೂರಿಸುತ್ತಾರೆ. ದೋಣಿ ಉರುಳಲು ಒಂದು ಬೇಕು, ಕೂರಲು ಇನ್ನೊಂದು ಬೇಕು ಎಂಬುದು ಆ ಜನಕ್ಕೆ ಗೊತ್ತಿದೆ. ರೋಲರ್ ಟ್ರೇಲರಿನಲ್ಲಿ ಈ ಎರಡನೆಯ ಹಂತವೇ ಇಲ್ಲ, ಉರುಳಿಸಿದ ತುಂಡುಗಳ ಮೇಲೆಯೇ ದೋಣಿ ಕೂರಬೇಕು. ಎಷ್ಟು ಕಾಲ? ಒಹಾಯೊದಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಪೂರ್ತಿ, ಉಳಿದ ತಿಂಗಳುಗಳಲ್ಲಿ ವಾರಕ್ಕೆ ಐದಾರು ದಿನ. ಸುಲಭ ಎನ್ನುವ ನಿಮ್ಮ ಗೆಳೆಯರು ಇಳಿಸುವ ಎರಡು ನಿಮಿಷವನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದಾರೆ.

ಆದ್ದರಿಂದ ರ‍್ಯಾಂಪ್ ಚೆನ್ನಾಗಿದ್ದರೆ ನಿಮಗೆ ಬಂಕ್. ಒಬ್ಬರೇ ಹೋಗುವವರಿಗೂ ಅದೇ ವಾಸಿ ಎಂಬುದು ನನ್ನ ಅನುಭವ, ಹಲವರು ಇದನ್ನು ಒಪ್ಪುವುದಿಲ್ಲ. ರೋಲರ್ ಮೇಲೆ ದೋಣಿ ತಾನೇ ನಡುವಿಗೆ ಬಂದು ಕೂರುತ್ತದೆ, ವಿಂಚ್, ಅಂದರೆ ಪಟ್ಟಿ ಸುತ್ತಿ ದೋಣಿಯನ್ನು ಎಳೆಯುವ ಕೈರಾಟೆ, ತಿರುಗಿಸಿದರೆ ಕಾಲು ಒದ್ದೆಯಾಗದೆ ಮೇಲೆ ಬರುತ್ತದೆ, ನಿಜ. ಆದರೆ ವಿಂಚ್ ಪಟ್ಟಿಯನ್ನು ರ‍್ಯಾಂಪಿನ ಮೇಲೆಯೇ ಬಿಚ್ಚಿದರೆ ಅದೇ ದೋಣಿ ಕಾಂಕ್ರೀಟಿನ ಮೇಲೆ ಇಳಿಯುತ್ತದೆ. ಪ್ರತಿ ಬೇಸಿಗೆಯಲ್ಲೂ ಯಾರದಾದರೂ ಒಬ್ಬರದು ಹೀಗೆ ಇಳಿಯುವುದನ್ನು ನೋಡುತ್ತೇನೆ. ಬ್ರೇಕ್ ಇಲ್ಲದ ವಿಂಚಿನ ಹಿಡಿ ಕೈತಪ್ಪಿ ರಪ್ಪನೆ ಹಿಂದಕ್ಕೆ ತಿರುಗಿದರೆ ಮೊಣಕೈ ಮುರಿಯುತ್ತದೆ. ಬಂಕ್ ಮೇಲೆ ದೋಣಿ ಇಟ್ಟಲ್ಲಿ ಇರುತ್ತದೆ, ನಿಮಗೆ ಯೋಚಿಸಲು ಸಮಯ ಕೊಡುತ್ತದೆ. ಹಿಂತುದಿಯ ಎರಡೂ ಬದಿಗೆ ಎತ್ತರದ ಮಾರ್ಗದರ್ಶಿ ಕಂಬಗಳನ್ನು ಹಾಕಿಸಿಕೊಳ್ಳಿ, ಅಡ್ಡಗಾಳಿಯಲ್ಲಿ ಅವೇ ನಿಮ್ಮ ಎರಡನೆಯ ಆಳು. ಏರಿಸುವಾಗ ಟ್ರೇಲರನ್ನು ಮೊದಲು ಪೂರ್ತಿ ಇಳಿಸಿ ಕಾರ್ಪೆಟ್ ನೆನೆಯಿಸಿ, ಆಮೇಲೆ ಹಲಗೆಗಳ ಮುಂದಿನ ಮೂರನೇ ಒಂದು ಭಾಗ ನೀರಿನಿಂದ ಹೊರಗೆ ಕಾಣುವಷ್ಟು ಮುಂದೆ ಎಳೆದುಕೊಳ್ಳಿ. ಟ್ರೇಲರ್ ತೀರ ಆಳದಲ್ಲಿದ್ದರೆ ದೋಣಿ ಹಲಗೆಗಳ ಮೇಲೆ ಅಡ್ಡಾದಿಡ್ಡಿ ತೇಲಿ, ಕಾರು ಮೇಲೇರಿದ ಮೇಲೆ ಓರೆಯಾಗಿ ಕೂತಿರುತ್ತದೆ. ಹೊಸಬರು ಗೊಣಗುವುದು ಇಲ್ಲಿಯೇ. ಅವರಿಗೆ ಇನ್ನೂ ಆಳ ಬೇಕು ಅನಿಸುತ್ತದೆ, ಬೇಕಾದದ್ದು ಕಡಿಮೆ ಆಳ.

ಒಂದು ಎಚ್ಚರಿಕೆ. ನವೆಂಬರಿನಲ್ಲಿ ಒದ್ದೆ ಕಾರ್ಪೆಟ್ ರಾತ್ರಿ ಹೆಪ್ಪುಗಟ್ಟಿ ದೋಣಿಯನ್ನು ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ರ‍್ಯಾಂಪಿನಲ್ಲಿ ಎಷ್ಟು ತಳ್ಳಿದರೂ ಕದಲುವುದಿಲ್ಲ. ಟ್ರೇಲರನ್ನು ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ಕಾಯಿರಿ, ಬಿಡುತ್ತದೆ.

ಕೊಳ್ಳುವ ಮೊದಲು ಎರಡನ್ನೂ ಕೈಯಿಂದ ಮುಟ್ಟಿ ನೋಡಿ. ಹೊಸದಾಗಿ ಕೊಂಡರೆ ರೋಲರಿನದೇ ಬೆಲೆ ಹೆಚ್ಚು. ಹಳೆಯದರಲ್ಲಿ ಎರಡಕ್ಕೂ ಒಂದೇ ಬೆಲೆ ಎಂದರೆ ರೋಲರಿನದಕ್ಕೆ ಏನಾಗಿದೆ ಎಂದು ಅನುಮಾನಪಡುವುದು ನಮ್ಮ ಧರ್ಮ. ಒಂದೊಂದು ರೋಲರನ್ನೂ ತಿರುಗಿಸಿ, ತುಕ್ಕು ಹಿಡಿದು ನಿಂತ ರೋಲರ್ ತಳವನ್ನು ಉಜ್ಜುತ್ತದೆ. ಬಂಕಿನ ಹಲಗೆಗೆ ಕೆಳಗಿನಿಂದ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಳಗೆ ಇಳಿದರೆ ಹಲಗೆ ಕೊಳೆತಿದೆ. ಕೊಳೆತ ಹಲಗೆ ಬದಲಿಸುವುದು ಒಂದು ಶನಿವಾರದ ಕೆಲಸ, ಅದಕ್ಕಾಗಿ ಟ್ರೇಲರನ್ನು ಬಿಡಬೇಡಿ, ಬೆಲೆ ಇಳಿಸಿಕೊಳ್ಳಿ. ಹಲಗೆಗಳ ಹಿಂತುದಿ ಎಂಜಿನ್ ತೂಗುಹಾಕುವ ಹಿಂಗೋಡೆಯವರೆಗೆ ಬಂದಿರಲೇಬೇಕು. ಅಲ್ಲಿಗೆ ಅರ್ಧ ಅಡಿ ಮೊದಲೇ ನಿಂತರೆ ಎಂಜಿನ್ನಿನ 165 ಕೆಜಿ ಗಾಳಿಯಲ್ಲಿ ತೂಗುತ್ತದೆ, ಹಲಗೆ ಕೊನೆಗೊಂಡ ಕಡೆ ತಳ ಒಳಕ್ಕೆ ಬಾಗುತ್ತದೆ. ಹೀಗೆ ಬಾಗಿದ ದೋಣಿ ವೇಗದಲ್ಲಿ ಮೂತಿ ಕೆಳಗೆ ಮಾಡಿಕೊಂಡು ಓಡುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಕೊನೆಯದಾಗಿ ಟ್ರೇಲರಿಗೆ ಹೊಡೆದ ತಗಡಿನ ಮೇಲಿನ ಅಂಕಿ ಓದಿ. ಅಲ್ಲಿ ಬರೆದ ಒಟ್ಟು ತೂಕದಲ್ಲಿ ಟ್ರೇಲರಿನ ತೂಕವೂ ಸೇರಿರುತ್ತದೆ. ಅದನ್ನು ಕಳೆದು ಉಳಿದದ್ದು 1,100 ಕೆಜಿಗಿಂತ ಚೆನ್ನಾಗಿಯೇ ಹೆಚ್ಚಿರಲಿ.

ಪ್ರಶ್ನೆ: ಮಾನ್ಯರೇ, ಮಿನಿಯಾಪೊಲಿಸ್‌ನಿಂದ ಬರೆಯುತ್ತಿದ್ದೇನೆ. ನನ್ನ 16 ಅಡಿ ಅಲ್ಯುಮಿನಿಯಂ ದೋಣಿಯ ಬಂಕ್ ಹಲಗೆಗಳು ಕೊಳೆತಿವೆ. ಅಂಗಡಿಯಲ್ಲಿ ಹಸಿರು ಛಾಯೆಯ, ಮಣ್ಣಿನಲ್ಲಿ ಹೂತರೂ ಕೊಳೆಯದ ಹಲಗೆ ಸಿಗುತ್ತದೆ. ಅದನ್ನೇ ಹಾಕಿಬಿಡಲೇ?

ಉತ್ತರ: ಬೇಡ, ದಯವಿಟ್ಟು ಬೇಡ. ಆ ಹಸಿರು ಬಣ್ಣ ತಾಮ್ರದ್ದು. ಹಿಂದೆ ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರೂ ಬೆರೆತ ಔಷಧಿ ಹಾಕುತ್ತಿದ್ದರು. ಆರ್ಸೆನಿಕ್ ಭಯದಿಂದ 2003ರ ಕೊನೆಗೆ ಅದನ್ನು ಕೈಬಿಟ್ಟು, ತಾಮ್ರ ಇನ್ನೂ ಹೆಚ್ಚಿರುವ ಔಷಧಿಗಳಿಗೆ ಹೋದರು. ಮನುಷ್ಯರಿಗೆ ಒಳ್ಳೆಯದಾಯಿತು, ಅಲ್ಯುಮಿನಿಯಂ ದೋಣಿಗೆ ಕೆಟ್ಟದಾಯಿತು. ತಾಮ್ರ, ಅಲ್ಯುಮಿನಿಯಂ, ನಡುವೆ ಒದ್ದೆ ಕಾರ್ಪೆಟ್ ಸೇರಿದರೆ ಅದೊಂದು ಬ್ಯಾಟರಿಯೇ, ಸವೆಯುವುದು ಅಲ್ಯುಮಿನಿಯಂ. ಕಾರ್ಪೆಟ್ ಮರೆಯಲ್ಲಿ ತಳಕ್ಕೆ ಚುಕ್ಕೆಚುಕ್ಕೆಯಾಗಿ ಗುಳಿ ಬೀಳುತ್ತಾ ಹೋಗುತ್ತದೆ. ಗೊತ್ತಾಗುವುದು ದೋಣಿಯೊಳಗೆ ನೀರು ಕಂಡ ದಿನ.

ಔಷಧಿ ಹಾಕದ ಡಗ್ಲಸ್ ಫರ್ ಅಥವಾ ಸೀಡರ್ ಹಲಗೆ ತನ್ನಿ. ಗಂಟುಗಳಿಲ್ಲದ್ದನ್ನು ಆರಿಸಿ. ಕತ್ತರಿಸಿದ ತುದಿಗಳಿಗೂ ಬೋಲ್ಟಿನ ತೂತುಗಳ ಒಳಕ್ಕೂ ಹೊರಾಂಗಣದ ವಾರ್ನಿಶ್ ಎರಡು ಮೂರು ಸಲ ಕುಡಿಸಿ, ಕೊಳೆಯಲು ಶುರುವಾಗುವುದು ಅಲ್ಲಿಂದಲೇ. ಬೋಲ್ಟಿನ ತಲೆ ಹಲಗೆಯೊಳಗೆ ಅಡಗಿ ಕೂರುವಷ್ಟು ಆಳ ಕೊರೆಯಬೇಕು. ಕಾರ್ಪೆಟ್ ಹೊಡೆಯುವ ಪಿನ್‌ಗಳು ಸ್ಟೇನ್‌ಲೆಸ್ ಇರಲಿ, ಹಲಗೆಯ ಕೆಳಮೈಯಲ್ಲಿ ಮಾತ್ರ ಇರಲಿ. ಇಷ್ಟು ಮಾಡಿದರೆ ಆ ಹಲಗೆ ಕೆಲವು ವರ್ಷ ಬರುತ್ತದೆ, ಆಮೇಲೆ ಮತ್ತೆ ಬದಲಿಸಿ. ಕೊಳೆಯುವ ಹಲಗೆ ಅಗ್ಗ, ದೋಣಿ ಅಲ್ಲ.

ಕಾರ್ಪೆಟ್ ಬದಲು ನುಣುಪಾದ ಪ್ಲಾಸ್ಟಿಕ್ ಪಟ್ಟಿ ಹೊದಿಸುವವರೂ ಇದ್ದಾರೆ. ಒಣಗುವುದು ಬೇಗ, ಜೊಂಡು ಅಂಟುವುದಿಲ್ಲ. ಆದರೆ ಆಗ ನಿಮ್ಮ ಬಂಕ್ ಟ್ರೇಲರ್ ರೋಲರಿನಂತೆಯೇ ಜಾರುತ್ತದೆ ಎಂಬುದು ನೆನಪಿರಲಿ. ನೀರು ಮುಟ್ಟುವವರೆಗೆ ವಿಂಚ್ ಪಟ್ಟಿ ಬಿಚ್ಚಬೇಡಿ. ಕಾರ್ಪೆಟ್ ಮೇಲೆ ಸಿಲಿಕೋನ್ ಸಿಂಪಡಿಸಿ ಜಾರಿಸುವ ಚಾಲಾಕಿತನಕ್ಕೂ ಇದೇ ಮಾತು.

ಪ್ರಶ್ನೆ: ನಮಸ್ಕಾರ. ನಾನು ಮೈಸೂರಿನವಳು, ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ನರ್ಸ್. ಬ್ಯಾರಮುಂಡಿ ಮೀನು ಹಿಡಿಯಲೆಂದು ನಾಲ್ಕೂವರೆ ಮೀಟರಿನ ಅಲ್ಯುಮಿನಿಯಂ ದೋಣಿ ಕೊಂಡಿದ್ದೇವೆ. ಅಲ್ಯುಮಿನಿಯಂಗೆ ಬಂಕೇ ಸರಿ ಎಂದು ನೀವು ಹಿಂದೊಮ್ಮೆ ಬರೆದದ್ದನ್ನು ನಮ್ಮ ಮನೆಯವರು ಹಿಡಿದುಕೊಂಡಿದ್ದಾರೆ. ಇಲ್ಲಿ ಎಲ್ಲರೂ ರೋಲರ್ ಇಟ್ಟುಕೊಂಡಿದ್ದಾರಲ್ಲ?

ಉತ್ತರ: ನಿಮ್ಮ ಯಜಮಾನರಿಗೆ ಹೇಳಿ, ನಾನು ಬರೆದದ್ದು ಇಲ್ಲಿಯ ಸಿಹಿನೀರಿನ ಸರೋವರಗಳಿಗೆ. ಡಾರ್ವಿನ್‌ನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಎಂಟು ಮೀಟರಿನಷ್ಟು ಅಂತರ ಬರುವ ದಿನಗಳಿವೆ. ನಮ್ಮ ಕರಾವಳಿಯ ಒಂದೆರಡು ಮೀಟರ್ ನೋಡಿ ಬೆಳೆದವನಿಗೆ ಅದು ಊಹೆಗೂ ನಿಲುಕದ್ದು. ಬೆಳಿಗ್ಗೆ ಇಳಿಸಿದ ರ‍್ಯಾಂಪ್ ಮಧ್ಯಾಹ್ನಕ್ಕೆ ಉದ್ದವಾಗಿ, ಕೆಸರಾಗಿ, ಬೇರೆಯೇ ರ‍್ಯಾಂಪ್ ಆಗಿರುತ್ತದೆ. ಅಂಥ ಕಡೆ ಕಡಿಮೆ ನೀರಿನಲ್ಲಿ ಏರಿಸಬಲ್ಲ ರೋಲರ್ ಬೇಕು.

ಎರಡನೆಯ ಕಾರಣ ಮೊಸಳೆ. ಬಂಕ್ ಮೇಲೆ ದೋಣಿ ಓರೆಯಾಗಿ ಕುಳಿತರೆ ಯಾರಾದರೂ ಮೊಣಕಾಲುದ್ದ ನೀರಿಗೆ ಇಳಿದು ನೂಕಿ ಸರಿಪಡಿಸಬೇಕು. ಮಿಷಿಗನ್‌ನಲ್ಲಿ ಆಗುವುದು ಚಳಿ ಅಷ್ಟೇ. ನಿಮ್ಮ ರ‍್ಯಾಂಪುಗಳಲ್ಲಿ ಮೊಸಳೆಯ ಎಚ್ಚರಿಕೆ ಫಲಕಗಳಿರುವುದು ಅಲಂಕಾರಕ್ಕಲ್ಲ. ಕಾಂಕ್ರೀಟಿನ ಮೇಲೆಯೇ ನಿಂತು ವಿಂಚ್‌ನಿಂದ ಎಳೆದುಕೊಳ್ಳುವ ಟ್ರೇಲರ್ ನಿಮ್ಮಲ್ಲಿ ಸೌಕರ್ಯವಲ್ಲ, ಸುರಕ್ಷತೆ.

ತಳಕ್ಕೆ ತಗ್ಗು ಬೀಳುವ ನನ್ನ ಆತಂಕ ನಿಮ್ಮ ದೋಣಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಅದು ಚಿಕ್ಕದು, ಹಗುರವಾದದ್ದು. ಕೀಲ್, ಅಂದರೆ ತಳದ ನಡುವಿನ ಏಣು, ತೂಕದ ಬಹುಪಾಲನ್ನು ನಡುವಿನ ರೋಲರ್‌ಗಳ ಮೇಲೆ ಹೊರುವಂತೆ ಹೊಂದಿಸಿಕೊಳ್ಳಿ. ಬದಿಗಳಲ್ಲಿ ಓಲಾಡದಂತೆ ತಡೆಯಲು ಉದ್ದನೆಯ ಪಟ್ಟಿಗಳಿದ್ದರೆ ಸಾಕು. ಕಪ್ಪು ರಬ್ಬರಿನ ರೋಲರ್ ದೋಣಿಗೆ ಮಸಿ ಬಳಿಯುತ್ತದೆ, ಪಾಲಿಯುರೆಥೇನ್‌ನವನ್ನು ಹಾಕಿಸಿ. ಉಪ್ಪುನೀರಿನಿಂದ ಬಂದ ದಿನವೇ ಸಿಹಿನೀರಿನಲ್ಲಿ ಎಲ್ಲವನ್ನೂ ತೊಳೆಯಿರಿ. ದೋಣಿಗಿಂತ ಮೊದಲು ರೋಲರಿನ ಸರಳು, ಬ್ರೇಕ್, ಸ್ಪ್ರಿಂಗ್ ತೊಳೆಯಿರಿ. ದೋಣಿ ನಾಳೆಗೆ ಕಾದೀತು, ಸ್ಪ್ರಿಂಗ್ ಕಾಯುವುದಿಲ್ಲ.

ಅಂದ ಹಾಗೆ ಬ್ಯಾರಮುಂಡಿ ನಮ್ಮ ಕರಾವಳಿಯ ಅಳಿವೆಗಳಲ್ಲೂ ಇದೆ, ಅದೇ ಜಾತಿ. ಹಿಡಿದದ್ದನ್ನು ಕುಂದಾಪುರದ ಮಸಾಲೆ ಹಾಕಿ ಮಾಡಿ ನೋಡಿ.

ಪ್ರಶ್ನೆ: ಉಡುಪಿಯಿಂದ ಬರೆಯುತ್ತಿದ್ದೇನೆ. ನನ್ನ ಮಗ ಮಿಷಿಗನ್‌ನಲ್ಲಿ ದೋಣಿ ಕೊಂಡು ಮನೆಯ ಮುಂದೆ ನಿಲ್ಲಿಸಿಕೊಂಡಿದ್ದಾನೆ, ಫೋಟೋ ಕಳಿಸಿದ್ದ. ಮಲ್ಪೆಯಲ್ಲಿ ದೋಣಿಗಳು ಧಕ್ಕೆಯಲ್ಲೇ ಇರುತ್ತವೆ. ಇವನು ಪ್ರತಿ ಸಲ ಇಳಿಸಿ ಏರಿಸಿ ಯಾಕೆ ಒದ್ದಾಡಬೇಕು?

ಉತ್ತರ: ತಾಯಿ, ಮಲ್ಪೆಯ ಬೋಟುಗಳದ್ದು ದುಡಿಮೆ. ಜೂನ್, ಜುಲೈ ಎರಡು ತಿಂಗಳ ನಿಷೇಧ ಬಿಟ್ಟರೆ ಅವಕ್ಕೆ ಬಿಡುವಿಲ್ಲ. ನಿಮ್ಮ ಮಗನದ್ದು ಶನಿವಾರದ ದೋಣಿ. ಇಲ್ಲಿ ಧಕ್ಕೆಯಲ್ಲಿ ಜಾಗ ಹಿಡಿಯಲು ಬಾಡಿಗೆ ಕೊಡಬೇಕು, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಮೊದಲು ಹೇಗೂ ಹೊರಗೆ ತೆಗೆಯಬೇಕು. ಟ್ರೇಲರ್ ಇದ್ದರೆ ಈ ವಾರ ಒಂದು ಸರೋವರ, ಮುಂದಿನ ವಾರ ಇನ್ನೊಂದು.

ಆದರೆ ಅವನಿಗೆ ಒಂದು ಮಾತು ಮುಟ್ಟಿಸಿ. 1988ರಲ್ಲಿ ನಾನಿರುವ ಈ ಸೇಂಟ್ ಕ್ಲೇರ್ ಸರೋವರದಲ್ಲಿ ಝೀಬ್ರಾ ಮಸೆಲ್ ಎಂಬ ಹೊರನಾಡಿನ ಸಣ್ಣ ಚಿಪ್ಪುಜೀವಿ ಮೊದಲು ಕಣ್ಣಿಗೆ ಬಿತ್ತು. ಮರುವಾಯಿಯಂತೆ ತಿನ್ನಲು ಬಾರದು, ಕೊಳವೆಗಳಿಗೆ ಕಚ್ಚಿಕೊಂಡು ಕಟ್ಟಿಹಾಕುತ್ತದೆ. ಹಡಗುಗಳ ನೀರಿನಲ್ಲಿ ಬಂದ ಇದು ಒಳನಾಡಿನ ಸರೋವರಗಳಿಗೆ ಹೋದದ್ದು ಬಹುಮಟ್ಟಿಗೆ ನಿಮ್ಮ ಮಗನಂಥವರ, ನನ್ನಂಥವರ ಟ್ರೇಲರ್‌ಗಳ ಮೇಲೆ ಸವಾರಿ ಮಾಡಿಕೊಂಡು. ಮಿಷಿಗನ್‌ನಲ್ಲಿ 2019ರಿಂದ ರಸ್ತೆಗೆ ಹೊರಡುವ ಮೊದಲೇ ದೋಣಿ, ಟ್ರೇಲರ್ ಎರಡರಿಂದಲೂ ಜೊಂಡು ಕಿತ್ತು, ದೋಣಿಯ ನೀರೆಲ್ಲ ಬಸಿಯಬೇಕೆಂಬ ಕಾನೂನಿದೆ. ಬಂಕ್ ಇದ್ದರೆ ಹಲಗೆಯ ಅಡಿಯಲ್ಲೂ ಕೈಯಾಡಿಸಲಿ, ಜೊಂಡು ಸಿಕ್ಕಿಕೊಳ್ಳುವುದು ಅಲ್ಲಿ.

ಪ್ರಶ್ನೆ: ಸರ್, ಹ್ಯೂಸ್ಟನ್‌ನಿಂದ. ಗ್ಯಾಲ್ವೆಸ್ಟನ್‌ಗೆ ಒಂದು ಗಂಟೆ ಹೆದ್ದಾರಿ ಓಡಿಸಿ ನೇರವಾಗಿ ಟ್ರೇಲರ್ ನೀರಿಗಿಳಿಸುತ್ತೇನೆ. ಚಕ್ರದ ಬೇರಿಂಗ್ ಮತ್ತೆ ಮತ್ತೆ ಹೋಗುತ್ತಿದೆ. ಬಂಕ್ ಟ್ರೇಲರ್. ರೋಲರ್ ಹಾಕಿದರೆ ಸರಿಹೋದೀತೇ?

ಉತ್ತರ: ಆಕ್ಸಲ್ ಮುಳುಗಿಸದೆ ಇಳಿಸುವಷ್ಟು ಒಳ್ಳೆಯ ರ‍್ಯಾಂಪ್ ಸಿಕ್ಕಿದರೆ ಸ್ವಲ್ಪ ಸರಿಹೋದೀತು. ಆದರೆ ರೋಗಕ್ಕೆ ಕಾರಣ ಬೇರೆ. ಒಂದು ಗಂಟೆ ಓಡಿದ ಹಬ್, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗ, ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ತಣ್ಣಗಿನ ನೀರಿಗೆ ಇಳಿದಾಗ ಗಾಳಿ ಒಮ್ಮೆಗೇ ಕುಗ್ಗಿ, ಸೀಲ್ ಸಂದಿನಿಂದ ಉಪ್ಪುನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಆ ನೀರು ಗ್ರೀಸ್ ಜೊತೆ ಸೇರಿ ಬೇರಿಂಗ್ ತುಕ್ಕು ಹಿಡಿಯುತ್ತದೆ.

ರ‍್ಯಾಂಪಿಗೆ ಬಂದೊಡನೆ ಸಾಲಿನಲ್ಲಿ ನುಗ್ಗಬೇಡಿ. ಪಕ್ಕದಲ್ಲಿ ನಿಲ್ಲಿಸಿ ಹಬ್ ಮೇಲೆ ಅಂಗೈ ಇಡಿ. ಬಿಸಿ ತಾಳಲಾಗದಿದ್ದರೆ ಇನ್ನೂ ಕಾಯಬೇಕು. ಆ ಹೊತ್ತಿನಲ್ಲಿ ಮಾಡುವ ಕೆಲಸಗಳಿವೆ: ಹಿಂದಿನ ಪಟ್ಟಿಗಳನ್ನು ಬಿಚ್ಚಿ, ಸಾಮಾನು ತುಂಬಿ, ದೀಪದ ತಂತಿಯನ್ನು ಕಾರಿನಿಂದ ಕೀಳಿ, ದೋಣಿಯ ತಳದ ಬಿರಡೆ ಹಾಕಿ. ಬಿರಡೆಯನ್ನು ಎರಡು ಸಲ ನೋಡಿ. ಹಬ್ಬಿಗೆ ಸ್ಪ್ರಿಂಗ್ ಒತ್ತಡದಲ್ಲಿ ಗ್ರೀಸ್ ತುಂಬಿಡುವ ಮುಚ್ಚಳ ಸಿಗುತ್ತದೆ, ಹಾಕಿಸಿಕೊಳ್ಳಿ. ಆದರೆ ಗ್ರೀಸ್ ಗನ್ ಹಿಡಿದು ವಿಪರೀತ ತುಂಬಿದರೆ ಹಿಂಬದಿಯ ಸೀಲೇ ಕಿತ್ತುಹೋಗುತ್ತದೆ. ವರ್ಷಕ್ಕೊಮ್ಮೆ ಹಬ್ ಬಿಚ್ಚಿ ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬುವುದನ್ನು ಆ ಮುಚ್ಚಳ ತಪ್ಪಿಸುವುದಿಲ್ಲ. ಬಿಚ್ಚಿದಾಗ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಎಂದರ್ಥ. ಸೀಲ್ ಬದಲಿಸಿ, ಬೇರಿಂಗಿನ ಗುಂಡುಗಳ ಮೇಲೆ ಉಗುರಿಗೆ ತಾಗುವ ಗೆರೆಯಿದ್ದರೆ ಅದನ್ನೂ ಬದಲಿಸಿ. ಒಂದು ಜೊತೆ ಬೇರಿಂಗ್, ಸೀಲ್ ಮತ್ತು ಟ್ರೇಲರಿನ ಚಕ್ರಕ್ಕೆ ಹೊಂದುವ ಸ್ಪ್ಯಾನರ್ ಕಾರಿನಲ್ಲಿ ಸದಾ ಇರಲಿ. ಕಾರಿನ ಜೊತೆ ಕೊಟ್ಟ ಸ್ಪ್ಯಾನರ್ ಟ್ರೇಲರಿನ ನಟ್ಟಿಗೆ ಕೂರುತ್ತದೆಯೇ ಎಂಬುದನ್ನು ಇವತ್ತೇ ಮನೆಯ ಮುಂದೆ ಪರೀಕ್ಷಿಸಿ.